ಕಾಫಿ ತೋಟದ ರೈಟರ್ ಕೆಲಸಕ್ಕೆ ಇಂಟರ್‌ವ್ಯೂ: ಏನು ತಯಾರಿ ಬೇಕು?

ಕೇಳಿದವರು, ಚಿಕ್ಕಮಗಳೂರು:
ಬಿ.ಕಾಂ. ಮುಗಿದಿದೆ. ಬರುವ ಸೋಮವಾರ ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವವರು) ಕೆಲಸಕ್ಕೆ ಕರೆದಿದ್ದಾರೆ. ತೋಟದ ಕೆಲಸ ಗೊತ್ತಿಲ್ಲ. ಮ್ಯಾನೇಜರ್ ಏನು ಕೇಳ್ತಾರೆ, ಹೇಗೆ ಹೋಗಬೇಕು? ತಿಳಿದವರು ದಯವಿಟ್ಟು ಹೇಳಿ.

ಆಲ್ದೂರಿನಿಂದ:
ಮೊದಲು ಕಾಲಿಗೆ ಏನು ಹಾಕ್ತೀರಿ ಅಂತ ಯೋಚಿಸಿ. ಮಾತು ಆಫೀಸಿನಲ್ಲೇ ಮುಗಿಯೋದು ಕಡಿಮೆ, "ಬನ್ನಿ, ತೋಟ ನೋಡೋಣ" ಅಂತಾರೆ. ಈ ಮಳೆಯಲ್ಲಿ ನುಣುಪು ತಳದ ಶೂ ಹಾಕಿದರೆ ಜಾರುತ್ತೆ, ಜಿಗಣೆ ಬೇರೆ. ಹಿಡಿತ ಇರುವ ಶೂ, ಉದ್ದ ಸಾಕ್ಸ್, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ಸಾಕು. ಜಿಗಣೆ ಹತ್ತಿದರೆ ಗಾಬರಿಯಾಗಿ ಕುಣಿಯಬೇಡಿ. ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎರಡು ಫೋಟೊ, ಎಲ್ಲದರ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿರಲಿ. ಬೈಕ್ ಲೈಸೆನ್ಸ್ ಇದ್ದರೆ ಕೇಳುವ ಮೊದಲೇ ಹೇಳಿ.

ಸಕಲೇಶಪುರದಿಂದ:
ರೈಟರ್ ಅಂದರೆ ಲೆಕ್ಕ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಏನು ಅಂತ ತಿಳಿದುಕೊಂಡು ಹೋಗಿ: ಯಾವ ಆಳು, ಯಾವ ದಿನ, ಯಾವ ಕೆಲಸ, ಪೂರ್ತಿ ದಿನವೋ ಅರ್ಧವೋ. ಮೇಸ್ತ್ರಿ ಹೇಳಿದ ತಲೆಲೆಕ್ಕಕ್ಕೂ ನೀವು ಬರೆದದ್ದಕ್ಕೂ ತಾಳೆ ಇರಬೇಕು. ತಾಳೆ ಆಗದಿದ್ದರೆ ಏನು ಮಾಡ್ತೀರಿ ಅಂತ ಕೇಳಬಹುದು. "ತಿದ್ದಿ ಸರಿ ಮಾಡ್ತೀನಿ" ಅನ್ನಬೇಡಿ, ಅಲ್ಲೇ ಕೆಲಸ ಕೈತಪ್ಪುತ್ತೆ. "ಅವತ್ತೇ ಸಂಜೆ ಮೇಸ್ತ್ರಿ ಜೊತೆ ಹೆಸರು ಕೂಗಿ ನೋಡ್ತೀನಿ, ತಪ್ಪಿದ್ದರೆ ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕ್ತೀನಿ" ಅನ್ನಿ.

ಬಾಯಿಲೆಕ್ಕವೂ ಬರಬಹುದು. 18 ಆಳು, ತಲಾ 62 ಕೆಜಿ ಹಣ್ಣು ಕೊಯ್ದರೆ 1,116 ಕೆಜಿ. ಅರೇಬಿಕಾ ಜಾತಿಯ ಕಾಫಿ ಹಣ್ಣಿನ ಸುಮಾರು ಐದನೇ ಒಂದು ಭಾಗ ಒಣ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು, ತೆಳು ಹೊಟ್ಟಿನ ಸಮೇತ ಒಣಗಿಸಿದ ಬೀಜ) ಬರುತ್ತೆ, ಅಂದರೆ ಹೆಚ್ಚುಕಡಿಮೆ 223 ಕೆಜಿ. 50 ಕೆಜಿ ಚೀಲದ ಲೆಕ್ಕದಲ್ಲಿ ನಾಲ್ಕೂವರೆ ಚೀಲಕ್ಕೆ ಸ್ವಲ್ಪ ಕಮ್ಮಿ. ಮೊಬೈಲ್ ತೆಗೆಯದೆ ಹೇಳಿದರೆ ನಿಮ್ಮ ಮೇಲಿನ ಭರವಸೆಯೇ ಬೇರೆ.

ಮೂಡಿಗೆರೆಯಿಂದ:
ಮೇಲಿನವರು ಹೇಳಿದ್ದು ಸರಿ. ಸ್ಟೋರ್ ಕೂಡ ರೈಟರ್ ಕೈಯಲ್ಲೇ ಇರೋದರಿಂದ ಗಿಡಕ್ಕೆ ಹೊಡೆಯುವ ಬೋರ್ಡೋ ಮಿಶ್ರಣದ ಪ್ರಮಾಣ ಕೇಳ್ತಾರೆ. ಅರ್ಧ ಪರ್ಸೆಂಟ್ ದ್ರಾವಣ ಅಂದರೆ 200 ಲೀಟರ್ ಬ್ಯಾರಲ್‌ಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕಲಕಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ತಾಮ್ರ ಜಾಸ್ತಿ, ಎಲೆ ಸುಡುತ್ತೆ, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಇದು ಎಲೆ ತುಕ್ಕುರೋಗಕ್ಕೆ. ಬಿಳಿ ಕಾಂಡಕೊರಕ ಬೇರೆ, ಅದು ಕಾಂಡ ಕೊರೆಯುವ ಹುಳ, ಅರೇಬಿಕಾದ ಶತ್ರು. ಎರಡನ್ನೂ ಕಲಸಿ ಹೇಳಬೇಡಿ. ಚಿಗುರು ತೆಗೆಯೋದು, ಕಪಾತು (ಕಾಫಿ ಗಿಡದ ರೆಂಬೆ ಕತ್ತರಿಸೋದು), ಮರಗಸಿ (ನೆರಳಿನ ಮರದ ಕೊಂಬೆ ಸವರೋದು): ಈ ಮೂರರ ವ್ಯತ್ಯಾಸವನ್ನು ಹೋಗುವ ಮೊದಲು ತೋಟದವರೊಬ್ಬರ ಹತ್ತಿರ ಕೇಳಿಕೊಳ್ಳಿ. ಗೊತ್ತಿಲ್ಲದ್ದನ್ನು "ಗೊತ್ತಿಲ್ಲ ಸರ್, ಕಲೀತೀನಿ" ಅನ್ನೋದರಲ್ಲಿ ತಪ್ಪಿಲ್ಲ. ಅರೇಬಿಕಾ ಗಿಡ ತೋರಿಸಿ ರೋಬಸ್ಟಾ ಅಂದರೆ ಮಾತ್ರ ಕಷ್ಟ. ರೋಬಸ್ಟಾದ ಎಲೆ ದೊಡ್ಡದು, ಅಷ್ಟು ನೋಡಿಟ್ಟುಕೊಳ್ಳಿ.

ಬೇಲೂರಿನಿಂದ:
ರಜೆ ವಿಷಯದಲ್ಲಿ ಹುಷಾರು. ನವೆಂಬರ್‌ನಿಂದ ಮಾರ್ಚ್ ತನಕ ಕೊಯ್ಲು, ಕಣದಲ್ಲಿ ಕಾಫಿ ಒಣಗಿಸೋ ಕೆಲಸ. ಆ ತಿಂಗಳುಗಳಲ್ಲಿ ಮನೆಯಲ್ಲಿ ಮದುವೆ ಏನಾದರೂ ಗೊತ್ತಾಗಿದ್ದರೆ ಈಗಲೇ ಹೇಳಿಬಿಡಿ. ಸಂಬಳದ ಮಾತು ಅವರೇ ಎತ್ತಲಿ. ಆಮೇಲೆ ಕ್ವಾರ್ಟರ್ಸ್, ಕರೆಂಟ್ ಬಿಲ್, ಪಿ.ಎಫ್., ಸಂತೆ ದಿನದ ರಜೆ ನೇರವಾಗಿ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಅಸ್ಸಾಂ ಕಡೆಯ ಆಳುಗಳಿರುವ ತೋಟವಾದರೆ ಹಿಂದಿ ಬರುತ್ತೆ ಅನ್ನೋದು ದೊಡ್ಡ ಅನುಕೂಲ.

ಆಲ್ದೂರಿನಿಂದ, ಮತ್ತೆ:
ಒಂದು ಬಿಟ್ಟುಹೋಯ್ತು. ಮೇನ್ ರೋಡಿನಿಂದ ಬಂಗಲೆ ಎಷ್ಟು ದೂರ ಅಂತ ಹಿಂದಿನ ದಿನವೇ ಫೋನಿನಲ್ಲಿ ಕೇಳಿ. ಒಳದಾರಿಗೆ ಬಸ್ಸೂ ಇರೋದಿಲ್ಲ, ಸಿಗ್ನಲ್ಲೂ ಸಿಗೋದಿಲ್ಲ.