ಮೊಬೈಲಿನಲ್ಲಿ ಸಿನಿಮಾ ಬರುತ್ತದೆ, ಟಿವಿಯಲ್ಲಿ ಬರುವುದಿಲ್ಲ: ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಅಪ್ಪ ಅಮ್ಮ ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಊರಿನ ಮನೆಯಲ್ಲಿ ಹಳೆಯದೊಂದು ಆಂಡ್ರಾಯ್ಡ್ ಟಿವಿ ಇದೆ, ಫೈಬರ್ ಇಂಟರ್ನೆಟ್ ಇದೆ. ಮೂರು ದಿನದಿಂದ ಸಿನಿಮಾ ಆ್ಯಪ್ ತೆರೆದರೆ ಸುತ್ತುತ್ತಲೇ ಇರುತ್ತದೆ, ಆಮೇಲೆ ಪ್ಲೇ ಮಾಡಲು ಆಗುತ್ತಿಲ್ಲ ಎಂದು ಬರುತ್ತದೆ. ಅದೇ ವೈಫೈಯಲ್ಲಿ ಅಮ್ಮನ ಮೊಬೈಲಿನಲ್ಲಿ ಚೆನ್ನಾಗಿ ಬರುತ್ತದೆ. ಆ್ಯಪ್ ತೆಗೆದು ಮತ್ತೆ ಹಾಕೋಣ ಅಂದರೆ ಟಿವಿಯಲ್ಲಿ ಪ್ಲೇ ಸ್ಟೋರೂ ತೆರೆಯುತ್ತಿಲ್ಲ. ಕಸ್ಟಮರ್ ಕೇರ್‌ನವರು ಫ್ಯಾಕ್ಟರಿ ರೀಸೆಟ್ ಮಾಡಿ ಅಂದರು. ಮಾಡಿಸಲಾ?

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ರೀಸೆಟ್ ಮಾಡಿದರೆ ವೈಫೈ ಪಾಸ್‌ವರ್ಡಿನಿಂದ ಹಿಡಿದು ಎಲ್ಲವನ್ನೂ ಅಮ್ಮ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಹಾಕಬೇಕು. ನೀವು ಪಕ್ಕದಲ್ಲಿಲ್ಲ. ಅಷ್ಟು ಮಾಡಿದ ಮೇಲೂ ತೊಂದರೆ ಹಾಗೇ ಉಳಿಯಬಹುದು.

ಏನು ಕೆಟ್ಟಿದೆ ಅನ್ನುವುದಕ್ಕಿಂತ ಏನು ಸರಿ ಇದೆ ಅನ್ನುವುದನ್ನು ನಾನು ಮೊದಲು ಕೇಳುತ್ತೇನೆ. ಮೊಬೈಲಿನಲ್ಲಿ ಬರುತ್ತಿದೆ, ಹಾಗಾದರೆ ಇಂಟರ್ನೆಟ್ ಸರಿ ಇದೆ, ನಿಮ್ಮ ಅಕೌಂಟ್ ಸರಿ ಇದೆ. ಟಿವಿಯಲ್ಲಿ ಸಿನಿಮಾ ಆ್ಯಪ್ ಮಾತ್ರ ಅಲ್ಲ, ಪ್ಲೇ ಸ್ಟೋರೂ ತೆರೆಯುತ್ತಿಲ್ಲ ಅಂದಿರಿ. ಅಂದರೆ ಆ್ಯಪಿನದ್ದೂ ತಪ್ಪಲ್ಲ. ಮೂರು ದಿನದ ಹಿಂದೆ ಕರೆಂಟ್ ಹೋಗಿತ್ತಾ ಕೇಳಿ. ಆಮೇಲೆ ಟಿವಿ ಸೆಟ್ಟಿಂಗ್ಸ್‌ನಲ್ಲಿ ಡೇಟ್ ಅಂಡ್ ಟೈಮ್ ತೆರೆದು, ಅಲ್ಲಿ ಏನು ಕಾಣುತ್ತದೆ ಎಂದು ಓದಿ ಹೇಳಲು ಹೇಳಿ.

ಕೇಳಿದವರು: ಸರ್, ಅಮ್ಮ ವಿಡಿಯೊ ಕಾಲ್‌ನಲ್ಲಿ ತೋರಿಸಿದರು. ಟಿವಿಯಲ್ಲಿ 2018ರ ಜನವರಿ 1 ಅಂತ ಇದೆ! ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಒಂದೂವರೆ ದಿನ ಕರೆಂಟ್ ಇರಲಿಲ್ಲವಂತೆ. ಆದರೆ ತಾರೀಖಿಗೂ ಸಿನಿಮಾಕ್ಕೂ ಏನು ಸಂಬಂಧ?

ಉತ್ತರ: ತುಂಬಾ ಸಂಬಂಧ ಇದೆ. ಆ್ಯಪ್ ಸರ್ವರಿಗೆ ಕನೆಕ್ಟ್ ಆಗುವಾಗ ಮೊದಲು ಆ ಸರ್ವರಿನ ಸರ್ಟಿಫಿಕೇಟ್, ಅಂದರೆ ಅದು ಅಸಲಿ ಸರ್ವರೇ ಎಂದು ತೋರಿಸುವ ಗುರುತಿನ ಚೀಟಿ ನೋಡುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಇರುತ್ತದೆ, ಬಸ್ ಪಾಸ್ ಇದ್ದ ಹಾಗೆ. ಟಿವಿ ಪಾಲಿಗೆ ಇವತ್ತು 2018. ಪಾಸ್ ಶುರುವಾಗುವ ದಿನವೇ ಇನ್ನೂ ಬಂದಿಲ್ಲ ಅಂದುಕೊಂಡು ಕನೆಕ್ಷನ್ ಬೇಡ ಅನ್ನುತ್ತದೆ. ಪ್ಲೇ ಸ್ಟೋರೂ ತೆರೆಯದಿದ್ದದ್ದು ಇದಕ್ಕೇ.

ತುಂಬಾ ಟಿವಿಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಪ್ರತಿ ಸಲ ಆನ್ ಆದಾಗ ಇಂಟರ್ನೆಟ್‌ನಿಂದ ಟೈಮ್ ಕೇಳಿಕೊಳ್ಳುತ್ತದೆ. ಕರೆಂಟ್ ಬಂದಾಗ ಟಿವಿ ಬೇಗ ಎದ್ದುಬಿಡುತ್ತದೆ, ಫೈಬರ್ ಬಾಕ್ಸ್ ಏಳಲು ಎರಡು ಮೂರು ನಿಮಿಷ ಬೇಕು. ಟಿವಿ ಕೇಳಿದಾಗ ಉತ್ತರ ಕೊಡಲು ಯಾರೂ ಇರುವುದಿಲ್ಲ. ಕೆಲವು ಹಳೆ ಟಿವಿಗಳು ಆಮೇಲೆ ಮತ್ತೆ ಕೇಳುವುದೇ ಇಲ್ಲ. ಮೊಬೈಲಿಗೆ ಟವರ್‌ನಿಂದಲೂ ಟೈಮ್ ಸಿಗುತ್ತದೆ, ಅದಕ್ಕೇ ಅಮ್ಮನ ಫೋನಿಗೆ ಏನೂ ಆಗಲಿಲ್ಲ.

ಡೇಟ್ ಅಂಡ್ ಟೈಮ್ ಒಳಗೆ ಆಟೊಮ್ಯಾಟಿಕ್ ಆಫ್ ಮಾಡಿ, ಟೈಮ್ ಜೋನ್ ಭಾರತದ್ದು ಇದೆಯಾ ನೋಡಿ, ತಾರೀಖು ಟೈಮ್ ಕೈಯಾರೆ ಹಾಕಿಸಿ. ಆಮೇಲೆ ಆಟೊಮ್ಯಾಟಿಕ್ ಮತ್ತೆ ಆನ್ ಮಾಡಿ. ಅಷ್ಟೇ.

ಕೈಯಾರೆ ಹಾಕಿದ್ದೂ ನಿಲ್ಲದಿದ್ದರೆ ಟಿವಿ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ. ರೂಟರ್ ಲೈಟ್ ಸರಿಯಾಗಿ ಬಂದ ಮೇಲೆ ಪ್ಲಗ್ ಹಾಕಿ. ರಿಮೋಟಿನಲ್ಲಿ ಆಫ್ ಮಾಡಿದರೆ ಟಿವಿ ನಿದ್ದೆ ಹೋಗುತ್ತದೆ ಅಷ್ಟೇ, ಪೂರ್ತಿ ಆಫ್ ಆಗುವುದಿಲ್ಲ.

ಇನ್ನೊಬ್ಬರು: ನಮ್ಮ ಟಿವಿಯಲ್ಲೂ ಇದೇ ಕಥೆ ಸರ್, ಆದರೆ ತಾರೀಖು ಸರಿಯಾಗಿದೆ. 2014ರಲ್ಲಿ ತಗೊಂಡಿದ್ದು.

ಉತ್ತರ: ನಿಮ್ಮದು ಬೇರೆ. ಯಾವ ಸರ್ಟಿಫಿಕೇಟ್ ನಂಬಬೇಕು ಎಂಬ ಪಟ್ಟಿ ಟಿವಿಯೊಳಗೇ ಇರುತ್ತದೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದರೆ ಆ ಪಟ್ಟಿ ಹಳೆಯದಾಗುತ್ತದೆ. 2021ರ ಸೆಪ್ಟೆಂಬರ್ 30ರಂದು ಹೀಗೇ ಆ ಪಟ್ಟಿಯಲ್ಲಿರುವ ಒಂದು ದೊಡ್ಡ ಮೂಲ ಸರ್ಟಿಫಿಕೇಟಿನ ಅವಧಿ ಮುಗಿದಾಗ ಎಷ್ಟೋ ಹಳೆ ಸಾಧನಗಳಲ್ಲಿ ಕನೆಕ್ಷನ್ ಹೋಯಿತು. ಸಾಫ್ಟ್‌ವೇರ್ ಅಪ್‌ಡೇಟ್ ಇದೆಯಾ ಒಂದು ಸಲ ನೋಡಿ. ಇಲ್ಲದಿದ್ದರೆ ಎಚ್‌ಡಿಎಂಐಗೆ ಹಾಕುವ ಸ್ಟ್ರೀಮಿಂಗ್ ಸ್ಟಿಕ್ ಒಂದು ತಗೊಳ್ಳಿ, ಆ್ಯಪ್ ಎಲ್ಲ ಅದರಲ್ಲೇ ನಡೆಯುತ್ತದೆ, ಟಿವಿ ಬರೀ ಪರದೆ. ಪರದೆ ಚೆನ್ನಾಗಿದ್ದರೆ ಸುಮ್ನೆ ಟಿವಿ ಬದಲಿಸಬೇಡಿ.

ಮತ್ತೊಬ್ಬರು: ಪ್ರೊಜೆಕ್ಟರಿಗೆ ಸ್ಟ್ರೀಮಿಂಗ್ ಸ್ಟಿಕ್ ಹಾಕಿದ್ದೇನೆ. ಸಿನಿಮಾ ಹಾಕಿದರೆ ಮಾತು ಕೇಳುತ್ತದೆ, ಚಿತ್ರ ಪೂರ್ತಿ ಕಪ್ಪು. ಯೂಟ್ಯೂಬ್ ಮಾತ್ರ ಚೆನ್ನಾಗಿ ಬರುತ್ತದೆ. ಕೇಬಲ್ ಎರಡು ಸಲ ಬದಲಿಸಿದೆ.

ಉತ್ತರ: ಸ್ಟಿಕ್‌ಗೂ ಪ್ರೊಜೆಕ್ಟರಿಗೂ ನಡುವೆ ಸ್ಪ್ಲಿಟರ್, ಅಂದರೆ ಒಂದೇ ಚಿತ್ರವನ್ನು ಎರಡು ಪರದೆಗೆ ಹಂಚುವ ಪೆಟ್ಟಿಗೆ ಇದೆಯಾ? ಹಣ ಕೊಟ್ಟು ನೋಡುವ ಸಿನಿಮಾಗಳಿಗೆ ಎಚ್‌ಡಿಸಿಪಿ ಎಂಬ, ನಕಲು ಮಾಡದಂತೆ ತಡೆಯುವ ಬೀಗ ಇರುತ್ತದೆ. ಸ್ಟಿಕ್‌ನಿಂದ ಪರದೆಯವರೆಗೆ ದಾರಿಯಲ್ಲಿರುವ ಪ್ರತಿ ಪೆಟ್ಟಿಗೆಯೂ ಅದನ್ನು ಒಪ್ಪಬೇಕು. 4ಕೆ ಎಂಬ ತುಂಬಾ ಸ್ಪಷ್ಟವಾದ ಚಿತ್ರಕ್ಕೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಬೇಕು. ನಡುವೆ ಒಂದೇ ಒಂದು ಹಳೆ ಸ್ಪ್ಲಿಟರ್ ಇದ್ದರೂ ಚಿತ್ರ ಕೊಡುವುದಿಲ್ಲ. ಯೂಟ್ಯೂಬಿನ ಸಾಮಾನ್ಯ ವಿಡಿಯೊಗೆ ಈ ಬೀಗ ಇಲ್ಲ, ಅದಕ್ಕೇ ಅದು ಬರುತ್ತದೆ. ನಡುವಿನದ್ದೆಲ್ಲ ತೆಗೆದು ನೇರವಾಗಿ ಹಾಕಿ ನೋಡಿ. ಆಗಲೂ ಕಪ್ಪಾದರೆ ಸ್ಟಿಕ್‌ನ ಸೆಟ್ಟಿಂಗ್ಸ್‌ನಲ್ಲಿ 4ಕೆಗಿಂತ ಕಡಿಮೆ ಸ್ಪಷ್ಟತೆಯ 1080ಪಿಗೆ ಇಳಿಸಿ.

ಅವರೇ: ಸ್ಪ್ಲಿಟರ್ ಇತ್ತು ಸರ್, ತೆಗೆದೆ, ಬಂತು! ಇನ್ನೊಂದು. ರಾತ್ರಿ ಎಂಟರ ಮೇಲೆ ನಿಂತು ನಿಂತು ಬರುತ್ತದೆ. ನನ್ನದು 100 ಎಂಬಿಪಿಎಸ್ ಪ್ಲಾನ್.

ಉತ್ತರ: ಪ್ಲಾನ್ ನೂರು ಇರಬಹುದು, ಪ್ರೊಜೆಕ್ಟರ್ ಇರುವ ಜಾಗಕ್ಕೆ ಎಷ್ಟು ತಲುಪುತ್ತಿದೆ ಎಂದು ನೋಡಬೇಕು. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕ 1080ಪಿಗೆ 5 ಎಂಬಿಪಿಎಸ್, 4ಕೆಗೆ 15. ಅಷ್ಟೇನೂ ಜಾಸ್ತಿ ಅಲ್ಲ ಅಲ್ವಾ? ರೂಟರ್ ಪಕ್ಕ ಒಮ್ಮೆ, ಪ್ರೊಜೆಕ್ಟರ್ ಪಕ್ಕ ಒಮ್ಮೆ ರಾತ್ರಿ ಎಂಟರ ನಂತರವೇ ಸ್ಪೀಡ್ ನೋಡಿ. ಎರಡೂ ಕಡೆ ಕಡಿಮೆ ಇದ್ದರೆ ಇಂಟರ್ನೆಟ್‌ನವರಿಗೆ ಫೋನ್ ಮಾಡಿ. ಪ್ರೊಜೆಕ್ಟರ್ ಹತ್ತಿರ ಮಾತ್ರ ಕಡಿಮೆ ಇದ್ದರೆ ವೈಫೈದೇ ತೊಂದರೆ. ಅಪಾರ್ಟ್‌ಮೆಂಟ್ ಆದರೆ ಆ ಹೊತ್ತಿಗೆ ಎಲ್ಲರ ಮನೆಯ ವೈಫೈ ಒಟ್ಟಿಗೆ ಒಂದೇ ತರಂಗದಲ್ಲಿ, ಅಂದರೆ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಮಾಡುತ್ತಿರುತ್ತದೆ. 5 ಗಿಗಾಹರ್ಟ್ಸ್‌ಗೆ ಬದಲಿಸಿ. ನಡುವೆ ಎರಡು ಗೋಡೆ ಇದ್ದರೆ ಲ್ಯಾನ್ ಕೇಬಲ್ ಎಳೆಸಿ, ಆ ಖರ್ಚಿಗೆ ಹಿಂಜರಿಯಬೇಡಿ.

ಮೊದಲು ಕೇಳಿದವರು: ಸರ್, ತಾರೀಖು ಹಾಕಿಸಿದೆ, ಬಂತು! ಅಪ್ಪ ಈಗ ಸಿನಿಮಾ ನೋಡ್ತಾ ಕೂತಿದ್ದಾರೆ. ಮಳೆಗಾಲ ಮುಗಿಯುವವರೆಗೂ ಕರೆಂಟ್ ಹೀಗೇ. ಪ್ರತಿ ಸಲ ಅಮ್ಮ ಇದನ್ನೇ ಮಾಡಬೇಕಾ?

ಉತ್ತರ: ಬೇಡ. ರೂಟರಿಗೆ ಅಂತಲೇ ಚಿಕ್ಕ ಯುಪಿಎಸ್ ಸಿಗುತ್ತದೆ, ಅದೊಂದು ಇಡಿಸಿ. ಕರೆಂಟ್ ಸ್ವಲ್ಪ ಹೊತ್ತು ಹೋಗಿ ಬಂದರೂ ಟಿವಿ ಏಳುವಾಗ ಇಂಟರ್ನೆಟ್ ಇರುತ್ತದೆ, ತಾರೀಖು ತಾನೇ ಸರಿಯಾಗುತ್ತದೆ. ಮೊನ್ನೆಯ ಹಾಗೆ ದಿನಗಟ್ಟಲೆ ಹೋದರೆ ಮಾತ್ರ, ರೂಟರ್ ಲೈಟ್ ಸರಿಯಾಗಿ ಬಂದ ಮೇಲೆ ಟಿವಿ ಪ್ಲಗ್ ಹಾಕಲು ಹೇಳಿ. ಯುಪಿಎಸ್ ತರುವ ಮೊದಲು ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಎಂದು ಬರೆದಿರುವುದರ ಫೋಟೊ ತೆಗೆಸಿ ಇಲ್ಲಿ ಹಾಕಿ. ಫೈಬರ್ ಬಾಕ್ಸ್ ಬೇರೆ, ರೂಟರ್ ಬೇರೆ ಇದ್ದರೆ ಎರಡರದ್ದೂ ಬೇಕು. ನೋಡಿ ಯಾವುದು ಹೊಂದುತ್ತದೆ ಎಂದು ಹೇಳುತ್ತೇನೆ.