ಅಪ್‌ಡೇಟ್: ಆರ್‌ಎಫ್‌ಸಿ ಟ್ರೇಸ್ ಕೊನೆಗೂ ಬಂತು

ಎಸ್‌ಎಪಿಗೆ (ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ಸಾಫ್ಟ್‌ವೇರ್) ಆರ್‌ಎಫ್‌ಸಿ ಕಾಲ್, ಅಂದರೆ ಅದರ ಫಂಕ್ಷನ್‌ಗಳನ್ನು ಹೊರಗಿನಿಂದ ಕರೆಯುವ ಕೆಲಸ, ಮಾಡುವ ನಮ್ಮ ವಿಂಡೋಸ್ ಸರ್ವೀಸ್‌ನಲ್ಲಿ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಟ್ರೇಸ್ ಫೈಲೇ (ಪ್ರತಿ ಕಾಲ್‌ನ ವಿವರ ಬರೆದಿಡುವ ಫೈಲ್) ಬರುತ್ತಿಲ್ಲ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಕಾರಣ ಸಿಕ್ಕಿತು!

ಸೆಟ್ಟಿಂಗ್‌ಗಳಿರುವ ಐಎನ್‌ಐ ಫೈಲ್‌ನಲ್ಲಿ ಆರ್‌ಎಫ್‌ಸಿ_ಟ್ರೇಸ್=3 (ಪೂರ್ತಿ ವಿವರದ ಟ್ರೇಸ್; 0 ಅಂದರೆ ಆಫ್) ಅಂತ ಸರಿಯಾಗಿಯೇ ಬರೆದಿದ್ದೆ. ಆದರೆ ಕಾಲ್ ಮಾಡಲು ಬಳಸುವ ಎಸ್‌ಎಪಿಯ ಆರ್‌ಎಫ್‌ಸಿ ಲೈಬ್ರರಿ ಆ ಫೈಲನ್ನು ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲಿ ಅಲ್ಲ, ಪ್ರೊಸೆಸ್‌ನ ವರ್ಕಿಂಗ್ ಡೈರೆಕ್ಟರಿಯಲ್ಲಿ (ಓಡುತ್ತಿರುವ ಪ್ರೋಗ್ರಾಂ ಆಗ ಯಾವ ಫೋಲ್ಡರ್‌ನಲ್ಲಿ ಇದ್ದೇನೆ ಅಂತ ಭಾವಿಸುತ್ತದೋ ಅದು). ಸರ್ವೀಸ್ ಆಗಿ ಓಡಿದಾಗ ಅದು ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್ ಆಗಿತ್ತು. ಒಂದು ಎರರ್ ಕೂಡ ಇಲ್ಲ, ಟ್ರೇಸ್ ಸುಮ್ನೆ ಆಫ್ ಆಗಿಯೇ ಉಳಿದಿತ್ತು. ನಾನೇ ಕೈಯಾರೆ ಓಡಿಸಿದಾಗ ಮಾತ್ರ ಟ್ರೇಸ್ ಬರುತ್ತಿತ್ತು, ಸುಳಿವು ಅಲ್ಲೇ ಇತ್ತಲ್ವಾ!

ಈಗ ಮೊದಲ ಕನೆಕ್ಷನ್‌ಗೂ ಮುಂಚೆ ಲೈಬ್ರರಿಯ ಆರ್‌ಎಫ್‌ಸಿಸೆಟ್‌ಐಎನ್‌ಐಪಾತ್ (RfcSetIniPath) ಫಂಕ್ಷನ್ ಕರೆದು ಐಎನ್‌ಐ ಫೈಲ್ ಇರುವ ಫೋಲ್ಡರ್ ಕೊಟ್ಟಿದ್ದೇನೆ. ಟ್ರೇಸ್ ತೆರೆದ ತಕ್ಷಣ ನಮ್ಮ ಕಾಲ್‌ನಲ್ಲಿದ್ದ ನಿಜವಾದ ತೊಂದರೆ ಕಂಡಿತು: ದಿನಾಂಕದ ಫೀಲ್ಡ್ ಖಾಲಿ ಹೋಗುತ್ತಿತ್ತು.

ಕೆಲಸ ಮುಗಿದ ಮೇಲೆ ಮರೆಯದೆ ಟ್ರೇಸನ್ನು 0 ಮಾಡಿ. 3ರಲ್ಲಿ ಫೈಲ್ ಬೇಗ ಬೆಳೆಯುತ್ತದೆ, ಗ್ರಾಹಕರ ಡೇಟಾ ಕೂಡ ಅದರಲ್ಲಿ ಬೀಳುತ್ತದೆ. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.