ರಿವರ್ಸ್ ಶೋಲ್ಡರ್ (ಗುಂಡು, ಬಟ್ಟಲು ಅದಲು ಬದಲಾಗಿ ಕೂರಿಸುವ ಕೃತಕ ಭುಜದ ಕೀಲು) ಆದ ಮೇಲೆ ಕೈ ಹಿಂದಕ್ಕೆ ಹೋಗುತ್ತಿಲ್ಲ, ಅನುಭವ ಇದ್ದವರು ಹೇಳಿ

ತುಮಕೂರು ಹುಡುಗಿ: ಅಮ್ಮನಿಗೆ 68 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಭುಜದ ಮೂಳೆ ಚೂರಾಗಿತ್ತು, ರಿವರ್ಸ್ ಶೋಲ್ಡರ್ ಹಾಕಿಸಿದೆವು. ಆರು ತಿಂಗಳಾಗುತ್ತಾ ಬಂತು. ಕೈ ಮೇಲೆ ಏಳುತ್ತದೆ, ಬೆನ್ನ ಹಿಂದಕ್ಕೆ ಮಾತ್ರ ಹೋಗುವುದಿಲ್ಲ. ರಾತ್ರಿ ನೋವೂ ಇದೆ. ನಿಮಗೆಲ್ಲ ಹೇಗಾಯ್ತು?

ಕೆಂಗೇರಿ ಆಂಟಿ: ನನ್ನದೂ ರಿವರ್ಸೇ, ಎಡಗಡೆ. ಮೊದಲು ಪ್ಲೇಟ್ ಹಾಕಿದ್ದರು, ಸ್ಕ್ರೂ ಮೂಳೆ ತೂರಿಕೊಂಡು ಕೀಲಿನೊಳಗೆ ಬಂತು, ಅದನ್ನು ಬಿಚ್ಚಿ ಇದನ್ನು ಕೂರಿಸಿದರು. ಪ್ಲೇಟಿಗೆ 1,42,000, ಇದಕ್ಕೆ 3,90,000, ಅದರಲ್ಲಿ ಇಂಪ್ಲಾಂಟ್ ಒಂದೇ 1,95,000. ಮೊಣಕಾಲಿನ ಇಂಪ್ಲಾಂಟಿಗೆ 2017ರಲ್ಲೇ ಸರ್ಕಾರ ಬೆಲೆ ಮಿತಿ ಹಾಕಿತು, ಭುಜದವರು ಏನು ಪಾಪ ಮಾಡಿದ್ದೆವೋ. ಈಗ ಮೇಲಿನ ಶೆಲ್ಫಿಂದ ಡಬ್ಬ ತೆಗೆಯುತ್ತೇನೆ, ಸರಿ. ಆದರೆ ಎಡಗೈ ಹಿಂದಕ್ಕೆ ಹೋಗದಿದ್ದರೆ ಟಾಯ್ಲೆಟ್ಟಿನಲ್ಲಿ ಏನು ಪಾಡು ಅಂತ ಬಿಡಿಸಿ ಹೇಳಬೇಕಾ? ಆಪರೇಷನ್‌ಗೆ ಮುಂಚೆ ಒಬ್ಬರೂ ಬಾಯಿ ಬಿಡಲಿಲ್ಲ. ಬ್ಲೌಸಿಗೆಲ್ಲ ಮುಂದೆ ಹುಕ್ ಹಾಕಿಸಿದೆ, ಕೂದಲು ಕತ್ತರಿಸಿಕೊಂಡೆ. ಸೆರಗಿಗೆ ಪಿನ್ ಹಾಕಲು ಇವತ್ತಿಗೂ ಸೊಸೆ ಬರಬೇಕು, ಅವಳ ಮುಖ ನೋಡಬೇಕು ನೀವು.

ನಿವೃತ್ತ ಮೇಷ್ಟ್ರು, ಮೈಸೂರು: ವ್ಯಾಯಾಮ ಬಿಟ್ಟರೆ ಹೀಗೇ ಆಗುವುದು. ನಾನು ಆರು ವಾರ ಸ್ಲಿಂಗ್ ಬಿಚ್ಚಲಿಲ್ಲ, ಒರಗು ಕುರ್ಚಿಯಲ್ಲೇ ನಿದ್ದೆ. ಆಮೇಲೆ ಬಗ್ಗಿ ಕೈ ತೂಗಾಡಿಸುವ ಪೆಂಡುಲಮ್, ರಾಟೆ ಹಗ್ಗ, ಗೋಡೆ ಮೇಲೆ ಬೆರಳು ಹತ್ತಿಸುವುದು, ಒಂದು ದಿನ ತಪ್ಪಿಸಿಲ್ಲ. ಫಿಸಿಯೋ ಮನೆಗೆ ಬಂದರೆ 700, ನಾವೇ ಹೋದರೆ 400. ನಾನೇ ಹೋಗುತ್ತಿದ್ದೆ. ಈಗ ಕಚ್ಚೆ ಪಂಚೆ ಉಟ್ಟು ಹಿಂದೆ ನಾನೇ ಸಿಕ್ಕಿಸಿಕೊಳ್ಳುತ್ತೇನೆ.

ಕೆಂಗೇರಿ ಆಂಟಿ: ಮೇಷ್ಟ್ರೇ, ನಿಮ್ಮದು ರಿವರ್ಸಾ?

ನಿವೃತ್ತ ಮೇಷ್ಟ್ರು, ಮೈಸೂರು: ಅನಾಟಮಿಕ್, ಅಂದರೆ ಅದಲು ಬದಲಿಲ್ಲದ ಕೃತಕ ಕೀಲು. ಕೀಲು ಸವೆದಿತ್ತು. ಏನೀಗ?

ಕೆಂಗೇರಿ ಆಂಟಿ: ಏನೀಗ ಅಂದರೆ? ಕೀಲಿನ ಸುತ್ತ ಹಿಡಿದಿಡುವ ನಿಮ್ಮ ಕಫ್ ಸ್ನಾಯು ಗಟ್ಟಿ ಇತ್ತು, ಗುಂಡು ಬಟ್ಟಲು ಎರಡೂ ದೇವರು ಇಟ್ಟ ಜಾಗದಲ್ಲೇ ಇವೆ. ನಮಗೆ ಗುಂಡು ಹೆಗಲ ಮೂಳೆಗೆ, ಬಟ್ಟಲು ತೋಳಿಗೆ, ಎತ್ತುವ ಭಾರವೆಲ್ಲ ಭುಜದ ಹೊರಗಿನ ಡೆಲ್ಟಾಯ್ಡ್ ಸ್ನಾಯು ಮೇಲೆ. ಒಳಕ್ಕೆ ತಿರುಗಿಸುವ ಶಕ್ತಿಯೇ ಕಮ್ಮಿ. ಸುಮ್ನೆ ಸೋಮಾರಿ ಅನ್ನಬೇಡಿ.

ನಿವೃತ್ತ ಮೇಷ್ಟ್ರು, ಮೈಸೂರು: ಸೋಮಾರಿ ಅಂತ ನಾನು ಎಲ್ಲಿ ಬರೆದೆ? ತೋರಿಸಿ.

ಹುಬ್ಬಳ್ಳಿ ಹೊಲದವ: ನಿಮಗ ಕಚ್ಚಿ, ಬ್ಲೌಸಿನ ಚಿಂತಿ. ನನಗೆ ಭುಜದ ಇಂಪ್ಲಾಂಟಿಗೇ ಸೋಂಕು. ಜ್ವರ ಇಲ್ಲ, ಕೀವು ಇಲ್ಲ, ಉರಿಯೂತ ತೋರಿಸುವ ರಕ್ತ ಪರೀಕ್ಷೆ ಸಿಆರ್‌ಪಿ ನಾರ್ಮಲ್, ಬರೀ ನೋವು ಮತ್ತು ಬಿಗಿತ. ವರ್ಷಗಟ್ಟಲೆ ಎಕ್ಸ್‌ರೇ ನೋಡಿ ‘ಎಲ್ಲ ಚಲೋ ಐತಿ’ ಅಂದರು. ಮೊಡವೆಯಲ್ಲಿರುವ ಕ್ಯುಟಿಬ್ಯಾಕ್ಟೀರಿಯಂ ಅಂತ ಕ್ರಿಮಿ, ಭುಜದ ಚರ್ಮದಲ್ಲೇ ವಾಸ, ಬಹಳ ನಿಧಾನವಾಗಿ ಬೆಳೆಯುತ್ತದೆ. ಕಲ್ಚರ್, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ, 14 ದಿನ ಇಡಬೇಕಂತೆ. ಮೊದಲ ಲ್ಯಾಬಿನವರು 5ನೇ ದಿನಕ್ಕೇ ‘ಏನೂ ಇಲ್ಲ’ ಅಂತ ಬರೆದು ಕೈ ತೊಳೆದುಕೊಂಡರು. ಕೊನೆಗೆ ಇಂಪ್ಲಾಂಟ್ ಬಿಚ್ಚಿ, ಆಂಟಿಬಯೋಟಿಕ್ ಕಲಸಿದ ಸಿಮೆಂಟಿನ ಗುಂಡು ಇಟ್ಟು, ಸೋಂಕು ಇಳಿದ ಮೇಲೆ ಮತ್ತೆ ಹೊಸದು. ಎಲ್ಲ ಸೇರಿ 6,80,000. ಹೊಲದ ಮೇಲೆ ಸಾಲ ಇನ್ನೂ ಇದೆ.

ಕೆಂಗೇರಿ ಆಂಟಿ: ಅಯ್ಯೋ. ನನಗೂ ನಡುವೆ ಹೆಗಲ ತುದಿ ಮೂಳೆ ಮುಟ್ಟಿದರೆ ಜೀವ ಹೋಗುತ್ತಿತ್ತು, ಅಲ್ಲೇ ಸಣ್ಣ ಬಿರುಕು. ಎಕ್ಸ್‌ರೇಯಲ್ಲಿ ಕಾಣಲಿಲ್ಲ, ಸಿಟಿ ಸ್ಕ್ಯಾನ್‌ನಲ್ಲಿ ಸಿಕ್ಕಿತು. ಅದಕ್ಕೆ 5,500 ಬೇರೆ.

ನಿವೃತ್ತ ಮೇಷ್ಟ್ರು, ಮೈಸೂರು: ಇಷ್ಟು ಖರ್ಚಿಗೆ ಪಾಲಿಸಿ ಇರಲಿಲ್ಲವೇ?

ಹುಬ್ಬಳ್ಳಿ ಹೊಲದವ: ಇತ್ತು ರೀ. ರೂಮ್ ಬಾಡಿಗೆ ಮಿತಿ 4,000, ಸಿಕ್ಕ ರೂಮು 6,000. ಅದೇ ಲೆಕ್ಕದಲ್ಲಿ ಪೂರ್ತಿ ಬಿಲ್ಲಿನಲ್ಲಿ ಮೂರನೇ ಒಂದು ಭಾಗ ಕತ್ತರಿಸಿದರು.

ಕ್ಲೇಮ್ ಕೃಷ್ಣ: ಇಂಪ್ಲಾಂಟಿಗೂ ಕತ್ತರಿಯಾ? 2020ರಲ್ಲೇ ವಿಮಾ ನಿಯಂತ್ರಕ ಐಆರ್‌ಡಿಎಐ ಹೇಳಿದೆ, ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಖರ್ಚಿಗೆ ಆ ಲೆಕ್ಕ ಹಾಕುವ ಹಾಗಿಲ್ಲ. ವಿಮಾ ದೂರು ಕೇಳುವ ಒಂಬುಡ್ಸ್‌ಮನ್‌ಗೆ ಬರೆಯಿರಿ.

ಹುಬ್ಬಳ್ಳಿ ಹೊಲದವ: ಮಾಡಿಸುವಾಗ ನಿಮ್ಮಂಥ ಏಜೆಂಟರೇ ಬಂದು ‘ಎಲ್ಲ ಕವರ್’ ಅಂದದ್ದು.

ಕ್ಲೇಮ್ ಕೃಷ್ಣ: ನಾನು ಏಜೆಂಟ್ ಅಲ್ಲ ಸ್ವಾಮಿ! ಅಪ್ಪನ ಕ್ಲೇಮಿಗೆ ಅಲೆದು ಚಪ್ಪಲಿ ಸವೆಸಿದವನು. ಡಿಡಕ್ಷನ್ ಲೆಟರ್ ಇದೆಯಾ ಇಲ್ಲವಾ?

ಹುಬ್ಬಳ್ಳಿ ಹೊಲದವ: ಇದೆ, ನಾಲ್ಕು ಪುಟ. ಬರೀ ಗ್ಲೌಸಿಗೆ 3,260 ಕಡಿದಾರ. ಆ ಗ್ಲೌಸು ನಾ ಹಾಕ್ಕೊಂಡಿದ್ನೇನ್ರೀ?